ಅರ್ಧ ಛತ್ರದ ಮೇಷ್ಟ್ರು

ನನ್ನ ಮದುವೆಗೆ ಛತ್ರ ನೋಡಬೇಕು, ಸಾಲ ಮಾಡಿಯಾದರೂ ಪೂರ್ತಿ ಛತ್ರವನ್ನೇ ಹಿಡಿಯಬೇಕು ಎಂದು ಅಪ್ಪ ಬಾಯಿಬಿಟ್ಟಿದ್ದು ಸೋಮವಾರ. ಗುರುವಾರ ಬೆಳಿಗ್ಗೆ ಮೇಷ್ಟ್ರು ತೀರಿಕೊಂಡರು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ. ನನಗೆ ಮೊದಲು ಬಂದದ್ದು ಸಿಟ್ಟೇ. ಬೇಡವೆಂದರೂ ಬಂದು ನಮ್ಮ ಜಗಲಿಯ ಮೇಲೆ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದ ಮನುಷ್ಯ ನಿಜವಾಗಿ ಬೇಕಾದ ವಾರವೇ ಹೀಗೆ ಕೈಕೊಡುವುದೇ?

ಅವರು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ತುಮಕೂರಿನಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ಬಾಗಿಲು ಆಚೆ ಅವರ ಸ್ವಂತ ಮನೆ. ನಿವೃತ್ತಿಯ ಮೇಲೂ ಬಿಳಿ ಕ್ಯಾನ್ವಾಸ್ ಶೂ ಬಿಡಲಿಲ್ಲ. ಪಂಚೆ ಉಟ್ಟರೂ ಕೆಳಗೆ ಅದೇ ಶೂ. ಶರ್ಟಿನ ಜೇಬಿನಲ್ಲಿ ಕಪ್ಪು ದಾರದ ವಿಶಲ್. ಹೆಗಲ ಮೇಲೆ ಹಳದಿ ಟವಲ್. ಯಾವ ಮನೆಗೆ ಹೋದರೂ ಮೊದಲು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯುವರು. ನಮ್ಮ ಬೀದಿಯಲ್ಲಿ ಒಂದು ಸಾವಾದಾಗಲೂ ಹಾಗೆ ಅಳೆದು, "ಹೆಣ ಸ್ವಲ್ಪ ಈ ಕಡೆ ಜರುಗಿಸಿ, ಜನ ಒಂದು ಬಾಗ್ಲಲ್ಲಿ ಬಂದು ಇನ್ನೊಂದ್ರಲ್ಲಿ ಹೋಗ್ಲಿ" ಎಂದವರು. ಮನೆಯವರು ಅಳು ನಿಲ್ಲಿಸಿ ಜರುಗಿಸಿದರು.

ಕಡಿಮೆ ಖರ್ಚಿನಲ್ಲಿ ಮದುವೆ ಮಾಡಿಸುವುದು ಅವರ ಹುಚ್ಚು. ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಒಂದು ಸಲ ಕೈಹಾಕಿದರೆ ಆ ಮದುವೆ ಅವರದು, ಮನೆಯವರು ನೆಂಟರು. ನಲವತ್ತೊಂದು ಮದುವೆ ಮಾಡಿಸಿದ್ದೇನೆ ಎನ್ನುತ್ತಿದ್ದರು. ನಾನು ಡೈರಿಯ ಹಿಂದಿನ ಪುಟದಲ್ಲಿ ಒಂದೊಂದಾಗಿ ಗುರುತು ಹಾಕಿದಾಗ ಸಿಕ್ಕಿದ್ದು ಹದಿನೇಳು. ಕೇಳಿದರೆ, "ಮುರಿದೋಗಿದ್ದನ್ನೂ ಸೇರಿಸ್ಕೋ ಕಣಮ್ಮ, ಅದ್ರಲ್ಲೂ ನಾನು ಓಡಾಡಿದೀನಿ" ಎಂದರು.

ಅಕ್ಕನ ಮದುವೆ ಗೊತ್ತಾದದ್ದು 1999ರಲ್ಲಿ. ನಾನಾಗ ಬಿ.ಕಾಂ. ಓದುತ್ತಿದ್ದೆ. ಅಪ್ಪ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದರು. ಹಾಗಲವಾಡಿಯ ಹತ್ತಿರದ ಊರು ಬಿಟ್ಟು ಬರುವಾಗ ತಾತನ ಸಾಲವನ್ನೂ ಹೊತ್ತು ತಂದವರು. ಅದನ್ನು ತೀರಿಸುವುದರಲ್ಲೇ ಅವರ ತಲೆ ನರೆತಿತ್ತು. ಹಾಗಾಗಿ ಅವರದು ಒಂದೇ ಹಟ: ಮದುವೆಗೆ ಸಾಲ ಮಾಡುವುದಿಲ್ಲ. ಗಂಡು ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮನೆ ಅಮೃತೂರು. ತಾಯಿ ಇಲ್ಲದ ಹುಡುಗನನ್ನು ಸಾಕಿದ್ದು ಸೋದರತ್ತೆ. ಆ ಮನೆಯಲ್ಲಿ ಆಕೆಯ ಮಾತೇ ಮಾತು.

ಹೆಣ್ಣು ನೋಡಿ ಒಪ್ಪಿದ ದಿನ ಅತ್ತೆ ಹೇಳಿದ್ದು ಇಷ್ಟೇ. "ನಮ್ಗೆ ಸ್ಕೂಟ್ರು ಬ್ಯಾಡ, ಚಿನ್ನ ಬ್ಯಾಡ. ತುಮಕೂರಲ್ಲಿ ಒಂದು ಛತ್ರ ಹಿಡಿದು ಮರ್ಯಾದೆಯಾಗಿ ಧಾರೆ ಎರ್ಕೊಡಿ, ಸಾಕು."

ಆ 'ಸಾಕು' ಅನ್ನುವ ಮಾತು ಎಷ್ಟು ದುಬಾರಿ ಎಂದು ಮಾರನೆಯ ದಿನ ತಿಳಿಯಿತು. ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಅಪ್ಪ ವಿಚಾರಿಸಿದ ಯಾವ ಛತ್ರದ ಬಾಡಿಗೆಯೂ ನಾವು ಎತ್ತಿಟ್ಟಿದ್ದ ದುಡ್ಡಿನ ಅರ್ಧವನ್ನು ನುಂಗುವಂತಿತ್ತು. ಆಗ ಅಪ್ಪ ಮೇಷ್ಟ್ರನ್ನು ಕರೆದರು. ಕರೆದರು ಎನ್ನುವುದೂ ತಪ್ಪು. ಅವರು ಆಗಲೇ ಜಗಲಿಯ ಮೇಲೆ ಕೂತಿದ್ದರು.

ನಾನು ಎರಡು ದಿನ ಕೂತು ಬರೆದಿದ್ದ ಅಂದಾಜನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಳ್ಳದೆ ಓದಿ, ಪೆನ್ನು ಕಿತ್ತುಕೊಂಡು ಹೊಡೆದುಹಾಕುತ್ತ ಹೋದರು. ವಿಡಿಯೋ, ಕ್ಯಾನ್ಸಲ್. ಐಸ್‌ಕ್ರೀಂ, ಕ್ಯಾನ್ಸಲ್. ಹೋಳಿಗೆಯ ಮೇಲೂ ಗೆರೆ ಬಿತ್ತು. ಅಪ್ಪ ಮೆಲ್ಲಗೆ, "ಹೋಳಿಗೆ ಇರ್ಲಿ ಮೇಷ್ಟ್ರೇ" ಎಂದರು.

"ಹೋಳಿಗೆ ತಟ್ಟೋಕೆ ಆಳು ಬೇರೆ, ತುಪ್ಪ ಬೇರೆ. ಬೂಂದಿ ಮಾಡ್ಸಿ. ಕಟ್ಟೋನ ಕೈ ಚಿಕ್ಕದಿದ್ರೆ ಉಂಡೇನೂ ಚಿಕ್ಕದಾಗುತ್ತೆ."

"ಹೂವಿನಲ್ಲಿ ಹೆಸರು" ಎಂದು ನಾನು ಕೊನೆಯಲ್ಲಿ ಬರೆದಿದ್ದೆ. ಅಕ್ಕ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವಳ ಗೆಳತಿಯೊಬ್ಬಳ ಮದುವೆಯಲ್ಲಿ ಮಂಟಪದ ಹಿಂದೆ ಗುಲಾಬಿಯಲ್ಲಿ ಗಂಡುಹೆಣ್ಣಿನ ಹೆಸರು ಬರೆಸಿದ್ದರು. ಮೇಷ್ಟ್ರು ಅಲ್ಲಿ ಗೆರೆ ಎಳೆಯಲು ಹೋಗಿ, ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕನನ್ನು ನೋಡಿ ತಡೆದರು. ಹೂವಿನ ಜಾಗದಲ್ಲಿ 'ಥರ್ಮಾಕೋಲ್' ಎಂದು ಬರೆದರು. "ನಾಲ್ಕಡಿ ದೂರದಿಂದ ಎರಡೂ ಒಂದೇ."

ಆಮಂತ್ರಣ ಪತ್ರಿಕೆಯನ್ನು ಅಪ್ಪನ ಪ್ರೆಸ್ಸಿನ ಉಳಿಕೆ ಕಾಗದದಲ್ಲೇ ಅಚ್ಚು ಹಾಕಿದೆವು. ಸ್ವಲ್ಪ ಹಳದಿ, ಸ್ವಲ್ಪ ಗುಲಾಬಿ. ಅದರಲ್ಲೂ ಮೇಷ್ಟ್ರು ಒಂದು ಉಪಾಯ ಕಂಡರು. "ಹಳದಿ ಬಂದೋರು ಮದ್ವೆಗೆ ಬರ್ಬೇಕು. ಗುಲಾಬಿ ಬಂದೋರಿಗೆ ಮದ್ವೆ ಅಂತ ಗೊತ್ತಾದ್ರೆ ಸಾಕು. ಅವನ್ನ ಮೂರೇ ದಿನ ಇದ್ದಾಗ ಪೋಸ್ಟ್ ಮಾಡು." ಗುಬ್ಬಿಯಲ್ಲಿ ಅಕ್ಕಪಕ್ಕದ ಮನೆಯಲ್ಲಿದ್ದ ಅಪ್ಪನ ಇಬ್ಬರು ಚಿಕ್ಕಪ್ಪಂದಿರಿಗೆ ಒಂದೊಂದು ಬಣ್ಣ ಹೋಗಿ, ಗುಲಾಬಿಯ ಚಿಕ್ಕಪ್ಪ ಇಂದಿಗೂ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ.

ಒಂದು ಸಂಜೆ ಮೇಷ್ಟ್ರು ಸೈಕಲ್ ಇಳಿಯುವ ಮೊದಲೇ ಕೂಗಿದರು. "ಛತ್ರ ಸಿಕ್ತು! ಅರ್ಧ!"

"ಅರ್ಧ ಅಂದ್ರೆ? ಮಹಡೀದೋ, ಕೆಳಗಿಂದೋ?" ಎಂದಳು ಅಮ್ಮ.

"ಅರ್ಧ ಹೊತ್ತು ಕಣಮ್ಮ. ಮ್ಯಾನೇಜರ್ ರೂಮಲ್ಲಿ ಗುಬ್ಬಿಯೋರೊಬ್ರು ನಮ್ಮಂಗೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಅವ್ರ ಮುಹೂರ್ತ ಬೆಳಿಗ್ಗೆ ಏಳು ಗಂಟೆಗೆ. ನಮ್ದು ಹತ್ತೂವರೆಗೆ. ಅವ್ರು ಎದ್ದ ಮಂಟಪದಲ್ಲಿ ನಾವು ಕೂರೋದು. ಒಂದೇ ಚಪ್ಪರ, ಒಂದೇ ಓಲಗ, ಒಂದೇ ಒಲೆ. ಖರ್ಚು ಸಮಪಾಲು."

ಅಪ್ಪನ ಮುಖ ಸಣ್ಣದಾಯಿತು. "ಬೀಗರಿಗೆ ಹೇಳ್ಬೇಕಲ್ಲ ಮೇಷ್ಟ್ರೇ?"

"ಬಸ್ಸಲ್ಲಿ ಸೀಟು ಸಿಕ್ದಾಗ ಮೊದ್ಲು ಇಲ್ಲಿ ಯಾರು ಕೂತಿದ್ರು ಅಂತ ಕೇಳ್ತೀರಾ? ಬುಡಿ. ಬೀಗರು ಬರೋ ಹೊತ್ಗೆ ಗುಬ್ಬಿಯೋರು ಎಲೆ ಅಡಿಕೆ ಹಾಕ್ಕೊಂಡು ಹೊರಟಿರ್ತಾರೆ."

ನಾನು ವಾದ ಮಾಡಿದೆ. ಬೀಗರಿಗೆ ಮೊದಲೇ ಹೇಳಿಬಿಟ್ಟರೆ ಬೈದರೂ ಇವತ್ತೇ ಬೈಯುತ್ತಾರೆ, ಆ ದಿನವಲ್ಲ ಎಂದೆ. ಮೇಷ್ಟ್ರು ಎರಡು ಬೆರಳನ್ನು ನನ್ನ ತೋಳಿನ ಮೇಲಿಟ್ಟರು. ಅದು ಅವರು ಮಾತು ಮುಗಿಸುವ ರೀತಿ. ಅಪ್ಪ "ಆಗ್ಲಿ" ಎಂದರು. ನನಗೆ ಅಪ್ಪನ ಮೇಲೂ ಸಿಟ್ಟು ಬಂತು.

ಕೆಡಿಸಿದ್ದು ಮೇಷ್ಟ್ರ ಇನ್ನೊಂದು ಉಳಿತಾಯ. ಗಂಡು ಮತ್ತು ಅವರಪ್ಪ ಹಿಂದಿನ ದಿನವೇ ಬಂದು ತುಮಕೂರಿನ ನೆಂಟರ ಮನೆಯಲ್ಲಿ ಇಳಿದಿದ್ದರು. ಉಳಿದವರನ್ನು ಕರೆತರಲು ಮೇಷ್ಟ್ರು ಅಮೃತೂರಿನ ಒಬ್ಬ ಪ್ರೈವೇಟ್ ಬಸ್ಸಿನವನ ಹತ್ತಿರ ಮಾತಾಡಿದ್ದರು. ಜನರನ್ನು ಬೇಗ ಇಳಿಸಿ, ವಾಪಸ್ ಹೋಗಿ ತನ್ನ ಎಂದಿನ ಟ್ರಿಪ್ ಹೊಡೆಯುವುದಾದರೆ ಅರ್ಧ ಬಾಡಿಗೆಗೆ ಬರುತ್ತೇನೆ ಎಂದ. ಮೇಷ್ಟ್ರು ಕೈ ಕುಲುಕಿದರು. ಎಷ್ಟು ಬೇಗ ಎಂದು ಕೇಳಲಿಲ್ಲ.

ಮೇ 9, ಭಾನುವಾರ. ನಾನು ಛತ್ರದ ಉಗ್ರಾಣದಲ್ಲಿ ತಾಂಬೂಲಕ್ಕೆ ತೆಂಗಿನಕಾಯಿ ಬೇರೆ ಮಾಡುತ್ತಿದ್ದೆ. ಹೊರಗೆ ಗುಬ್ಬಿಯವರ ಮದುವೆಯ ಗಟ್ಟಿಮೇಳ ಆಗತಾನೆ ನಿಂತಿತ್ತು. ಆ ಹೊತ್ತಿಗೆ ಅಮೃತೂರಿನ ಬಸ್ಸು ಬಂದು ನಿಂತಿತು. ಚಪ್ಪರ ಇದೆ, ಓಲಗ ಇದೆ, ಬಾಗಿಲಲ್ಲಿ ಪನ್ನೀರು ಚಿಮುಕಿಸಿ "ಬನ್ನಿ, ಬನ್ನಿ" ಎನ್ನುವವರು ಇದ್ದಾರೆ. ಅನುಮಾನಕ್ಕೆ ಜಾಗವೇ ಇಲ್ಲ. ಇಡೀ ಬಸ್ಸು ಒಳಗೆ ಹೋಯಿತು. ಹತ್ತೂವರೆಯ ಮುಹೂರ್ತವನ್ನು ತಮ್ಮನ್ನು ಕಾಯದೆ ಮೊದಲೇ ಮುಗಿಸಿಬಿಟ್ಟರೆಂದು ಬೈದುಕೊಂಡೇ ಗುಬ್ಬಿಯ ಮದುಮಕ್ಕಳ ಮೇಲೆ ಅಕ್ಷತೆ ಹಾಕಿದರು. ಸಾಲಾಗಿ ನಿಂತು ಮುಯ್ಯಿ ಕೊಟ್ಟರು. ಅತ್ತೆ ಮಂಟಪ ಹತ್ತಿ, ತಲೆ ತಗ್ಗಿಸಿ ಕೂತಿದ್ದ ಹೆಣ್ಣಿನ ಮಡಿಲಿಗೆ ತಾನು ತಂದ ಬೆಳ್ಳಿಯ ಕುಂಕುಮಭರಣಿ ಹಾಕಿ, ಆಮೇಲೆ ಮಗನ ಕೆನ್ನೆ ಸವರಲು ಬಾಸಿಂಗ ಸರಿಸಿದರು.

"ಅಯ್ಯೋ! ಇವನ್ಯಾರ್ಲಾ?"

ಆ ಕೂಗು ನನಗೆ ಉಗ್ರಾಣದಲ್ಲೇ ಕೇಳಿತು. ಓಡಿಬಂದೆ. ಮೇಷ್ಟ್ರು ಅಡುಗೆಮನೆಯಿಂದ ಮಜ್ಜಿಗೆಯ ಲೋಟ ಹಿಡಿದೇ ಬಂದರು. ಮಜ್ಜಿಗೆ ಸರಿಯಿದ್ದರೆ ಅಡುಗೆಯವನು ಪ್ರಾಮಾಣಿಕ ಎಂಬುದು ಅವರ ನಂಬಿಕೆ. ಛತ್ರದ ತುಂಬ ಗಲಾಟೆ. ಗುಬ್ಬಿಯವರು ಅಮೃತೂರಿನವರನ್ನು ನೀವ್ಯಾರು ಎನ್ನುತ್ತಿದ್ದಾರೆ, ಅಮೃತೂರಿನವರು ನೀವ್ಯಾರು ಎನ್ನುತ್ತಿದ್ದಾರೆ. ಯಾರೋ ಒಬ್ಬರು ತಾವು ಕೊಟ್ಟ ಮುಯ್ಯಿ ವಾಪಸ್ ಕೇಳುತ್ತಿದ್ದಾರೆ.

ಮೇಷ್ಟ್ರು ವಿಶಲ್ ಊದಿದರು. ಛತ್ರ ಗಪ್‌ಚಿಪ್ಪಾಯಿತು.

"ಅಮೃತೂರಿನೋರು ತಿಂಡಿಗೆ! ಎರಡು ಸಾಲು! ಹೆಂಗಸ್ರು ಬಲಗಡೆ!"

ನಾನು ಕಣ್ಣಾರೆ ಕಂಡೆ. ಮೀಸೆ ಹೊತ್ತ ಗಂಡಸರು ಒಬ್ಬರ ಹಿಂದೊಬ್ಬರು ಸಾಲು ನಿಂತರು. ಎಲ್ಲರೂ ಎಂದೋ ಒಂದು ಶಾಲೆಯ ಮೈದಾನದಲ್ಲಿ ಬಿಸಿಲಿಗೆ ನಿಂತವರೇ ಇರಬೇಕು. ವಿಶಲ್ ಕೇಳಿದರೆ ಕಾಲು ತಾನಾಗಿ ಜೋಡಿಸಿಕೊಳ್ಳುತ್ತಿತ್ತು.

ಅತ್ತೆ ಮಾತ್ರ ಸಾಲಿಗೆ ಬರಲಿಲ್ಲ. ನೇರ ಹೊರಗೆ ಹೋಗಿ ಛತ್ರದ ಮುಂದಿನ ಮೆಟ್ಟಿಲಿನ ಮೇಲೆ ಕೂತರು. "ಬಸ್ಸಲ್ಲಿ ಸೀಟು ಹಂಚ್ಕೊಂಡಂಗೆ ಛತ್ರ ಹಂಚ್ಕೊಂಡವ್ರೆ. ಅರ್ಧ ಛತ್ರದಲ್ಲಿ ಧಾರೆ ಎರೆಸ್ಕೊಳೋಕೆ ನನ್ ಮಗ ಏನು ಅರ್ಧ ಗಂಡ್ಸಾ? ನಾನು ಒಳಕ್ಕೆ ಬರಲ್ಲ. ನಾನು ಬರ್ದಿದ್ರೆ ಅವ್ನೂ ಬರಲ್ಲ."

ಅಷ್ಟು ಹೊತ್ತಿಗೆ ಗಂಡಿನ ಕಾರು ಬಂತು. ಭಾವ ಕಾರಿನಲ್ಲೇ ಕೂತು ಅತ್ತೆಯ ಮುಖ ನೋಡಿದರು, ಇಳಿಯಲಿಲ್ಲ. ಅಪ್ಪ ಕೈಮುಗಿದು ಅತ್ತೆಯ ಮುಂದೆ ನಿಂತರು. ಆಕೆ ಅತ್ತ ಮುಖ ತಿರುಗಿಸಿದರು. ಒಳಗಿನ ಕೋಣೆಯಲ್ಲಿ ಅಕ್ಕ, ಅರ್ಧ ಜಡೆ ಹೆಣೆಸಿಕೊಂಡವಳು, ಗೋಡೆಗೆ ಒರಗಿ ಕೂತುಬಿಟ್ಟಳು. "ಮದ್ವೆ ನಿಂತ್ರೆ ನಿಲ್ಲಲಿ. ಅಪ್ಪ ಹಂಗೆ ಕೈಮುಗಿಯೋದು ಬೇಡ ಅಂತ ಹೇಳೇ" ಎಂದಳು. ನಾನು ಆ ಮಾತನ್ನು ಹೇಳಲು ಹೊರಗೆ ಬರುವಷ್ಟರಲ್ಲಿ ಮೇಷ್ಟ್ರು ಕಾಣಲಿಲ್ಲ. ಬೆಂಕಿ ಹಚ್ಚಿ ಓಡಿಹೋದರು ಎಂದುಕೊಂಡೆ.

ಅವರು ಗುಬ್ಬಿಯವರ ಹತ್ತಿರ ಹೋಗಿದ್ದರು, ಆ ಭರಣಿ ಕೇಳಲು. ಧಾರೆ ಮುಗಿದ ಮೇಲೆ ಹೆಣ್ಣಿನ ಮಡಿಲಿಗೆ ಬಿದ್ದದ್ದನ್ನು ವಾಪಸ್ ಕೊಡುವುದು ಅಪಶಕುನ ಎಂದು ಅಲ್ಲಿನ ಹಿರಿಯರು ಹಟ ಹಿಡಿದರಂತೆ. ಮೇಷ್ಟ್ರು, "ಸರಿ, ಭರಣಿ ಬೇಡ. ಹೆಣ್ಣನ್ನೇ ಕಳಿಸಿ" ಎಂದರಂತೆ. ಆಗತಾನೆ ತಾಳಿ ಬಿದ್ದ ಆ ಹುಡುಗಿ, ಬಾಸಿಂಗವನ್ನೂ ಬಿಚ್ಚದೆ, ಭರಣಿ ಹಿಡಿದು ಮೆಟ್ಟಿಲಿಗೆ ಬಂದಳು. ಅತ್ತೆಯ ಕಾಲಿಗೆ ಬಗ್ಗಿದಳು.

"ಅಮ್ಮ, ಇದು ನಿಮ್ಮ ಸೊಸೇದಂತೆ. ನನ್ ಕೈಯಾರ ಅವ್ರಿಗೇ ಕೊಡ್ತೀನಿ. ನೀವು ಹಾಕಿದ ಅಕ್ಷತೆ ನಂಗಿರ್ಲಿ."

ಹೊಸ ಮದುಮಗಳು ಕಾಲಿಗೆ ಬಿದ್ದಾಗ ಮುಖ ತಿರುಗಿಸುವ ಹೆಂಗಸು ನಮ್ಮ ಸೀಮೆಯಲ್ಲಿ ಇಲ್ಲ. ಅತ್ತೆ ಒಂದು ಗಳಿಗೆ ಒದ್ದಾಡಿದರು. ಆಮೇಲೆ ಗೊಣಗುತ್ತಲೇ ಆ ಭರಣಿಯ ಮುಚ್ಚಳ ತೆಗೆದು ಅವಳ ಹಣೆಗೆ ಕುಂಕುಮ ಇಟ್ಟರು. ಅವಳ ಕೈ ಹಿಡಿದುಕೊಂಡೇ ಮೇಲೆದ್ದರು. "ನಡಿ, ನಮ್ಮವಳು ಎಲ್ಲವ್ಳೆ ತೋರ್ಸು." ಭಾವ ಕಾರಿನಿಂದ ಇಳಿದರು.

ಮೇಷ್ಟ್ರು ನನ್ನ ಪಕ್ಕ ಬಂದು ನಿಂತು, ಅರ್ಧ ಉಳಿದಿದ್ದ ಮಜ್ಜಿಗೆ ಕುಡಿದು ಹೇಳಿದರು: "ನೋಡಿದ್ಯಾ? ಖರ್ಚಿಲ್ದೆ ಕೆಲ್ಸ ಆಯ್ತು."

ಆಗ ಅವರನ್ನು ಮೆಟ್ಟಿಲಿನಿಂದ ತಳ್ಳಬೇಕು ಅನ್ನಿಸಿತ್ತು. ಅವರಿಗೆ ನಾಚಿಕೆಯ ಎಳೆಯೂ ಇರಲಿಲ್ಲ. ಅದು ಸಾಲದೆಂಬಂತೆ, ಮಂಟಪದ ಹಿಂದಿನ ಹೆಸರು ಬದಲಿಸಲು ಹೋದಾಗ ನಮ್ಮ ಥರ್ಮಾಕೋಲ್ ಅಕ್ಷರಗಳು ಸಿಕ್ಕಲಿಲ್ಲ. ಹುಡುಕಿ ಹುಡುಕಿ ಕೊನೆಗೆ ನ್ಯೂಸ್‌ಪೇಪರ್ ಸುತ್ತಿದ ಆ ಕಟ್ಟು ಮೆಟ್ಟಿಲಿನ ಮೇಲೆ ಸಿಕ್ಕಿತು. ಅತ್ತೆ ಅಷ್ಟು ಹೊತ್ತು ಕೂತಿದ್ದು ಅದರ ಮೇಲೆಯೇ. ಬಿಚ್ಚಿದರೆ ಅಕ್ಕನ ಹೆಸರು ಪುಡಿ ಪುಡಿ, ಭಾವನ ಹೆಸರಿನ ಒಂದೆರಡು ಕೊಂಬು ಉಳಿದಿದ್ದವು. ಮುಹೂರ್ತಕ್ಕೆ ಹೊತ್ತಾಗಿತ್ತು. ಮೇಷ್ಟ್ರು ಕುರ್ಚಿ ಹತ್ತಿ, ಗುಬ್ಬಿಯ ಜೋಡಿಯ ಹೆಸರಿನ ಮೇಲೆ ತಮ್ಮ ಹಳದಿ ಟವಲ್ ಹೊದಿಸಿ ಪಿನ್ನು ಚುಚ್ಚಿದರು. ಅಕ್ಕನ ಮದುವೆಯ ಪ್ರತಿಯೊಂದು ಫೋಟೋದಲ್ಲೂ ತಲೆಯ ಮೇಲೆ ಆ ಟವಲ್ ಇದೆ.

ಫೋಟೋ ನೋಡಿದಾಗಲೆಲ್ಲ ಅತ್ತೆ ಹೇಳುವುದು ಒಂದೇ: "ನಮ್ಮ ಸೊಸೆ ಹೆಸ್ರು ಟವಲ್ಲು ಅಂತ ನಂಗೆ ಗೊತ್ತೇ ಇರ್ಲಿಲ್ಲ." ತಾನು ಕೂತದ್ದು ಯಾವುದರ ಮೇಲೆ ಎಂದು ಆಕೆಗೆ ಇವತ್ತಿಗೂ ಯಾರೂ ಹೇಳಿಲ್ಲ.

ಸಾಲ ಆಗಲಿಲ್ಲ. ಅದು ನಿಜ. ಮುಂದಿನ ತಿಂಗಳು ನನ್ನ ಕಾಲೇಜಿನ ಫೀಜು ಕಟ್ಟುವಾಗ ಅಪ್ಪ ಯಾರ ಮುಂದೆಯೂ ನಿಲ್ಲಲಿಲ್ಲ. ಆದರೆ ಅಮೃತೂರಿನಲ್ಲಿ ಅಕ್ಕನಿಗೆ 'ಅರ್ಧ ಛತ್ರದ ಸೊಸೆ' ಎಂಬ ಹೆಸರು ನಿಂತಿತು. ಸಾರಿಗೆ ಉಪ್ಪು ಕಡಿಮೆಯಾದರೆ "ಉಪ್ಪೂ ಅರ್ಧಾನಾ?", ತವರಿಗೆ ಹೊರಟರೆ "ಅರ್ಧ ದಿನಕ್ಕೆ ಬಂದ್ಬುಡು". ಅಕ್ಕ ಊರಿಗೆ ಬಂದಾಗ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದಳು. ನಾನು ಮೇಷ್ಟ್ರಿಗೆ ಇದನ್ನು ಒಂದೂ ಬಿಡದೆ ವರದಿ ಮಾಡುತ್ತಿದ್ದೆ. ಅವರು ಎರಡು ಬೆರಳು ಎತ್ತಿ, "ಮಾತಿಗೆ ಬಡ್ಡಿ ಇಲ್ಲ ಕಣಮ್ಮ. ಸಾಲಕ್ಕಿದೆ" ಎನ್ನುತ್ತಿದ್ದರು. ಆ ಬಡ್ಡಿ ಕಟ್ಟುತ್ತಿದ್ದವಳು ಅಕ್ಕ. ಅದನ್ನು ಅವರಿಗೆ ತಿಳಿಸಲು ನನ್ನಿಂದ ಆಗಲೇ ಇಲ್ಲ.

2004ರ ಫೆಬ್ರವರಿಯಲ್ಲಿ ಮೇಷ್ಟ್ರ ಮಗಳ ಮದುವೆ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಆಮಂತ್ರಣ ಕೊಡಲು ಬಂದವರು ಜಗಲಿಯ ಮೇಲೆ ಕೂರಲಿಲ್ಲ, ನಿಂತೇ ಕೊಟ್ಟರು. ಮಖಮಲ್ಲಿನ ಲಕೋಟೆ, ಒಳಗೆ ಚಿನ್ನದ ಅಕ್ಷರ. ಛತ್ರ ಊರಿಗೇ ದೊಡ್ಡದು, ಎರಡು ದಿನ ಪೂರ್ತಿ. ಆರತಕ್ಷತೆಗೆ ಆರ್ಕೆಸ್ಟ್ರಾ.

"ಇದು ಹಳದೀನೋ ಗುಲಾಬೀನೋ ಮೇಷ್ಟ್ರೇ?" ಎಂದೆ. ಅವರು ನಗಲಿಲ್ಲ. ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಿದ್ದಾರೆಂದು ಆಗಲೇ ಬೀದಿಗೆಲ್ಲ ಗೊತ್ತಾಗಿತ್ತು.

ಮದುವೆಗೆ ಅಕ್ಕ ಅಮೃತೂರಿನಿಂದ ಬಂದಳು. ನನಗೆ ಹೋಗಲು ಮನಸ್ಸಿರಲಿಲ್ಲ, ಎಳೆದುಕೊಂಡು ಹೋದಳು. ಮಂಟಪದ ಹಿಂದೆ ಮಗಳು ಅಳಿಯನ ಹೆಸರು ಕೆಂಪು ಗುಲಾಬಿಯಲ್ಲಿತ್ತು. ಅಕ್ಕ ಅದನ್ನು ನೋಡುತ್ತ ನಿಂತಳು. "ನಾಲ್ಕಡಿ ದೂರದಿಂದ ಎರಡೂ ಒಂದೇ ಅಂದಿದ್ರಲ್ಲೇ?" ಎಂದಳು. "ಒಂದೇ ಅಲ್ಲ ಕಣೇ."

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮೇಷ್ಟ್ರು ಕಂಬದ ಪಕ್ಕ ಒಬ್ಬರೇ ನಿಂತಿದ್ದರು. ರೇಷ್ಮೆ ಪಂಚೆ, ಬರಿಗಾಲು. ಬರಿಗಾಲಿನಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ನೇರವಾಗಿ ಕೇಳಿದೆ. "ನಮಗೆ ಹೇಳಿದ್ದು ಒಂದು, ನೀವು ಮಾಡಿದ್ದು ಒಂದು. ಇದ್ಯಾವ ನ್ಯಾಯ?"

ಅವರು ಬೆರಳು ಎತ್ತಲಿಲ್ಲ. "ನಿಮ್ಮಕ್ಕನ ಮದ್ವೇಲಿ ನಾನು ಮೇಷ್ಟ್ರು ಕಣಮ್ಮ. ಇಲ್ಲಿ ಹೆಣ್ಣಿನ ಅಪ್ಪ. ಬೀಗರು ಪೂರ್ತಿ ಛತ್ರ ಅಂದ್ರು. ಅರ್ಧ ಅನ್ನೋ ಮಾತೇ ನನ್ನ ಬಾಯಿಗೆ ಬರ್ಲಿಲ್ಲ." ಹಾಗೆಂದು ಮಂಟಪದ ಕಡೆ ನೋಡಿ, "ಅವತ್ತು ಧೈರ್ಯ ಮಾಡಿದ್ದು ನಾನು ಅಂತ ಐದು ವರ್ಷ ಮೆರೆದೆ. ಮಾಡಿದ್ದು ನಿಮ್ಮಪ್ಪ" ಎಂದರು.

ಅಷ್ಟರಲ್ಲಿ ಊಟದ ಹಾಲಿನಿಂದ ಗದ್ದಲ ಕೇಳಿತು. ಬೀಗರ ಕಡೆಯವರಿಗೆ ಮೊದಲ ಪಂಕ್ತಿಯಲ್ಲಿ ಜಾಗ ಸಿಕ್ಕಿರಲಿಲ್ಲ. ಊರವರು ಎಲೆ ಹಿಡಿದು ಕೂತುಬಿಟ್ಟಿದ್ದರು. ಯಾರೋ "ಹೆಣ್ಣಿನ ಕಡೆಯೋರು ಯಾರ್ರೀ ಇಲ್ಲಿ?" ಎಂದು ಕೂಗುತ್ತಿದ್ದರು. ಮೇಷ್ಟ್ರ ಕೈ ಎದೆಯ ಮೇಲೆ ಹೋಯಿತು. ಜೇಬಿರಲಿಲ್ಲ. ಮಂಟಪದಿಂದ ಪುರೋಹಿತರು ಕನ್ಯಾಪಿತೃವನ್ನು ಕರೆಯುತ್ತಿದ್ದರು.

"ನೀವು ಧಾರೆಗೆ ನಡೀರಿ ಮೇಷ್ಟ್ರೇ" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡಳು. ಅವಳು ಹಾಲಿನ ಬಾಗಿಲಲ್ಲಿ ನಿಂತು ಎರಡೂ ಕೈ ಅಗಲಿಸಿ ಜನರನ್ನು ತಡೆದಳು. ನಾನು ಒಳಗೆ ಹೋಗಿ, ಎಲೆ ಹಿಡಿದು ಕೂತಿದ್ದ ನಮ್ಮ ಬೀದಿಯವರನ್ನು ಒಬ್ಬೊಬ್ಬರನ್ನಾಗಿ ಕಾಡಿ ಬೇಡಿ ಎಬ್ಬಿಸಿದೆ. ವಿಶಲ್ ಇಲ್ಲದೆ ಆ ಕೆಲಸ ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಗಂಟಲು ಒಡೆಯಿತು.

ಆಮೇಲೆ ಮೇಷ್ಟ್ರು ಯಾರ ಮದುವೆಗೂ ಕೈಹಾಕಲಿಲ್ಲ. ಕೇಳುವವರೂ ಇರಲಿಲ್ಲ. ಸಾಲದ ಕಂತಿಗಾಗಿ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಹಿಂದಿನ ಅರ್ಧದಲ್ಲಿ ಗಂಡ ಹೆಂಡತಿ ಉಳಿದರು. ನಮ್ಮ ಜಗಲಿಗೆ ಬರುವುದನ್ನು ಬಿಡಲಿಲ್ಲ. ಕೂತಲ್ಲೇ ಕೂತು, ಬೀದಿಯಲ್ಲಿ ಹೋಗುವ ಮದುವೆ ಕಾರುಗಳ ಹೂವಿನ ಬೆಲೆ ಅಂದಾಜು ಮಾಡುತ್ತಿದ್ದರು. ಅದೂ ನನಗೆ ಕಿರಿಕಿರಿಯೇ.

ಅವರ ತಿಥಿಯ ದಿನ ಊಟಕ್ಕೆ ಕೂರಿಸುವಾಗ ಎಲ್ಲ ಅಡ್ಡಾದಿಡ್ಡಿ. ಒಂದೇ ಬಾಗಿಲಲ್ಲಿ ಬರುವವರೂ ಹೋಗುವವರೂ ಡಿಕ್ಕಿ ಹೊಡೆದರು. ಅವರ ಮಗಳು ದಿಕ್ಕುತೋಚದೆ ನಿಂತಿದ್ದಳು. ಹಿತ್ತಿಲ ಬಾಗಿಲು ತೆಗೆಸು ಎಂದು ಹೇಳಿ ಬಂದೆ.

ಆ ದಿನವೇ ಅಮೃತೂರಿಗೆ, ಅಕ್ಕನಿಗೆ ಫೋನ್ ಮಾಡಿದೆ. ಛತ್ರದ ಬಾಡಿಗೆ ಹೇಳಿದೆ. ನನ್ನ ಸಂಬಳ, ಅಪ್ಪನ ಪಿ.ಎಫ್. ಎರಡೂ ಸೇರಿಸಿದರೂ ಮುಟ್ಟುವುದಿಲ್ಲ ಎಂದೆ. "ಅಪ್ಪ ಸಾಲ ಮಾಡ್ತೀನಿ ಅಂತಿದಾರೆ. ನಂಗೂ ನಿನ್ನಂಗೆ ಹೆಸ್ರು ಬರ್ಬಾರ್ದಂತೆ."

ಅಕ್ಕನ ಹಿಂದೆ ಅತ್ತೆ ಯಾರನ್ನೋ ಗದರುವುದು ಕೇಳಿಸುತ್ತಿತ್ತು.

"ಛತ್ರ ಹಂಚ್ಕೊಳೋಕೆ ಇನ್ನೊಂದು ಪಾರ್ಟಿ ಯಾರಾದ್ರೂ ಸಿಗ್ತಾರಾ ವಿಚಾರ್ಸು" ಎಂದಳು. "ನಿನ್ನ ಬೀಗರಿಗೆ ಈಗ್ಲೇ ಹೇಳ್ಬಿಡು. ನಾಚ್ಕೆ ಆದ್ರೆ ನಾನೇ ಬಂದು ಹೇಳ್ತೀನಿ." ಆಮೇಲೆ ದನಿ ತಗ್ಗಿಸಿ, "ಅಕ್ಷರದ ಕಟ್ಟು ಮಾತ್ರ ಯಾರ ಕೈಗೂ ಕೊಡ್ಬೇಡ ಕಣೇ. ಮುಹೂರ್ತದ ತನಕ ನಾನೇ ತೊಡೆ ಮೇಲಿಟ್ಕೊಂಡು ಕೂತಿರ್ತೀನಿ."